7ಬ ದಲ್ಲಿ ಒಂದು ಬ ಕಳೆದರೆ 7 ಅಲ್ಲ: ಏಕಪದೋಕ್ತಿ ಕಳೆಯುವುದನ್ನು ಮನೆಯಲ್ಲಿ ಹೇಳಿಕೊಡುವುದು ಹೇಗೆ?

ಏಳನೇ ಕ್ಲಾಸಿನ ಗಣಿತದಲ್ಲಿ ಬೀಜೋಕ್ತಿ (ಸಂಖ್ಯೆಯ ಜೊತೆ ಅಕ್ಷರವನ್ನೂ ಸೇರಿಸಿ ಬರೆಯುವುದು) ಪಾಠ ಶುರುವಾದರೆ ಸಾಕು, ಹೋಮ್‌ವರ್ಕ್ ಪುಸ್ತಕದಲ್ಲಿ ಒಂದು ತಪ್ಪು ಖಾಯಂ. 7ಎಕ್ಸ್‌ನಲ್ಲಿ ಎಕ್ಸ್ ಕಳೆದರೆ ಎಷ್ಟು ಅಂತ ಕೇಳಿದರೆ ಮಕ್ಕಳು 7 ಅಂತ ಬರೆಯುತ್ತಾರೆ. ಎಕ್ಸ್ ತೆಗೆದರೆ ಉಳಿಯುವುದು 7 ತಾನೇ ಅಂತ ಅವರ ಲೆಕ್ಕ. ಕಣ್ಣಿಗೆ ಹಾಗೇ ಕಾಣುತ್ತದೆ, ಬೈದು ಪ್ರಯೋಜನ ಇಲ್ಲ. ಸರಿಯಾದ ಉತ್ತರ 6ಎಕ್ಸ್. ಯಾಕೆ ಅನ್ನುವುದು ತಲೆಗೆ ಹೋದರೆ ಪಾಠದ ಅರ್ಧ ಮುಗಿದ ಹಾಗೆ.

ಪುಸ್ತಕದಲ್ಲಿ ಎಕ್ಸ್, ವೈ ಇರುತ್ತವೆ. ನಾನು ಇಲ್ಲಿ ಬ, ತ ಅಂತ ನಮ್ಮ ಅಕ್ಷರಗಳನ್ನೇ ಇಡುತ್ತೇನೆ. ಗಣಿತಕ್ಕೆ ಅದರಿಂದ ಏನೂ ಆಗುವುದಿಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಗಳಿಗೆ ಯಾವತ್ತಾವತ್, ಕಾಲಕ, ನೀಲಕ, ಪೀತಕ ಅಂತ ಹೆಸರಿಟ್ಟು, ಯಾ, ಕಾ, ನೀ, ಪೀ ಅಂತ ಮೊದಲಕ್ಷರ ಮಾತ್ರ ಬಳಸುತ್ತಿದ್ದರು. ಮೊದಲನೆಯದು ಬಿಟ್ಟರೆ ಉಳಿದವು ಬಣ್ಣದ ಹೆಸರುಗಳು: ಕಪ್ಪು, ನೀಲಿ, ಹಳದಿ. ನಾವು ಒಂದು ‘ಬ’ ಇಟ್ಟುಕೊಂಡರೆ ಯಾರೂ ಬೇಡ ಅನ್ನುವುದಿಲ್ಲ, ಅಲ್ವಾ?

ಕೋಲಾರದಲ್ಲಿರುವವರಿಗೆ ಉದಾಹರಣೆ ಹುಡುಕುವ ಕಷ್ಟ ಇಲ್ಲ, ಎಪಿಎಂಸಿಯ ಟೊಮೆಟೊ ಮಾರುಕಟ್ಟೆಯೇ ಇದೆ. ತೋಟದಿಂದ ಬಾಕ್ಸುಗಳು ಗಾಡಿ ಹತ್ತುವಾಗ ಅವತ್ತಿನ ರೇಟು ಎಷ್ಟು ಅಂತ ಯಾರಿಗೂ ಗೊತ್ತಿರುವುದಿಲ್ಲ, ಮಂಡಿಯಲ್ಲಿ ಹರಾಜು ಕೂಗಿದ ಮೇಲೇ ಗೊತ್ತಾಗುವುದು. 2023ರ ಜುಲೈನಲ್ಲಿ 15 ಕೆಜಿಯ ಒಂದು ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಕೀಳುವ ಕೂಲಿಯೂ ಗಿಟ್ಟದೆ ರಸ್ತೆ ಬದಿಗೆ ಸುರಿದು ಹೋದ ವರ್ಷಗಳೂ ಇವೆ. ಈ ಗೊತ್ತಿಲ್ಲದ ರೇಟಿಗೆ ಬ ಅನ್ನೋಣ. ಏಳು ಬಾಕ್ಸಿಗೆ ಬರುವ ದುಡ್ಡು 7ಬ. ಒಂದು ಬಾಕ್ಸು ದಾರಿಯಲ್ಲಿ ಜಜ್ಜಿಹೋಯಿತು ಅಂದರೆ 7ಬ − ಬ, ಅಂದರೆ ಆರು ಬಾಕ್ಸಿನ ದುಡ್ಡು, 6ಬ. ರೇಟು ಇನ್ನೂ ಗೊತ್ತಿಲ್ಲ. ಆದರೂ ಕಳೆಯುವ ಕೆಲಸ ಮುಗಿದಿದೆ.

ಇಲ್ಲಿ ಒಂದು ಕಡೆ ಹುಷಾರಾಗಿರಬೇಕು. ಬ ಅಂದರೆ ಬಾಕ್ಸು ಅಲ್ಲ, ಬಾಕ್ಸಿನ ರೇಟು. ಅದು ಸಂಖ್ಯೆ. ‘ಏಳು ಟೊಮೆಟೊದಲ್ಲಿ ಮೂರು ಟೊಮೆಟೊ ತೆಗಿ, ನಾಲ್ಕು ಟೊಮೆಟೊ’ ಅಂತ ಹೇಳಿಕೊಡುವುದು ಸುಲಭ, ಮೊದಲ ದಿನ ಕೆಲಸವನ್ನೂ ಮಾಡುತ್ತದೆ. ಮುಂದಿನ ವಾರ ಬ² ಬಂದಾಗ ಮಗು ಟೊಮೆಟೊ ವರ್ಗ ಅಂದರೆ ಏನು ಅಂತ ಕೇಳಿದರೆ ಏನು ಹೇಳುತ್ತೀರಿ? ಸಂಖ್ಯೆ ಅಂತ ಮೊದಲೇ ಹೇಳಿದ್ದರೆ ಬ² ಅಂದರೆ ಬ ಗುಣಿಸು ಬ, ಅಷ್ಟೇ.

ಇನ್ನು ಏಕಪದೋಕ್ತಿ ಯಾವುದು? ಸಂಖ್ಯೆ, ಅಕ್ಷರ ಬರೀ ಗುಣಾಕಾರದಲ್ಲಿ ಅಂಟಿಕೊಂಡಿದ್ದರೆ ಅದು ಏಕಪದೋಕ್ತಿ. 7ಬ, −3ಬತ, ಬ², ಸುಮ್ನೆ 9 ಕೂಡ. 3ಬ + 2 ಅಲ್ಲ, ಅದರಲ್ಲಿ ಎರಡು ಪದ ಇವೆ. ಅಕ್ಷರ ಭಿನ್ನರಾಶಿಯ ಕೆಳಗೆ ಕೂತಿದ್ದರೆ ಅದೂ ಅಲ್ಲ. ಮುಂದೆ ಇರುವ ಸಂಖ್ಯೆಗೆ ಸಹಗುಣಕ ಅಂತ ಹೆಸರು. ಏನೂ ಬರೆಯದೆ ಬರೀ ಬ ಅಂತ ಇದ್ದರೆ ಸಹಗುಣಕ 1, −ಬ ಅಂತ ಇದ್ದರೆ −1. ಈ ಕಾಣದ 1 ಮರೆಯುವುದರಿಂದಲೇ ಮೇಲಿನ ತಪ್ಪು ಆಗುವುದು. ಶುರುವಿನಲ್ಲಿ ಮಗುವಿನ ಕೈಲಿ 7ಬ − 1ಬ ಅಂತಲೇ ಬರೆಸಿ, ನಾಚಿಕೆ ಏನಿಲ್ಲ.

ಮೊದಲ ಹೆಜ್ಜೆ: ಸಜಾತಿಯೋ ಅಲ್ಲವೋ ನೋಡಿ

ಸಹಗುಣಕವನ್ನು ಬೆರಳಲ್ಲಿ ಮುಚ್ಚಿ. ಉಳಿದ ಅಕ್ಷರ, ಅದರ ತಲೆ ಮೇಲಿನ ಘಾತ, ಎರಡೂ ಪದಗಳಲ್ಲಿ ಒಂದೇ ಇದ್ದರೆ ಸಜಾತಿ ಪದಗಳು. ಆಗ ಮಾತ್ರ ಕಳೆದು ಒಂದೇ ಪದ ಮಾಡಬಹುದು. 6ಬತ ಮತ್ತು 2ತಬ ಸಜಾತಿಯೇ, ಯಾಕಂದರೆ ಬ ವನ್ನು ತ ದಿಂದ ಗುಣಿಸಿದರೂ ತ ವನ್ನು ಬ ದಿಂದ ಗುಣಿಸಿದರೂ ಒಂದೇ. ಆದರೆ ಬ²ತ ಮತ್ತು ಬತ² ವಿಜಾತಿ. ನೋಡಲು ಅಣ್ಣ ತಮ್ಮಂದಿರ ಹಾಗೆ ಇರುತ್ತವೆ, ಪರೀಕ್ಷೆಯಲ್ಲಿ ಬೇಕಂತಲೇ ಕೊಡುತ್ತಾರೆ. ವಿಜಾತಿ ಆದರೆ ಮಧ್ಯೆ ಮೈನಸ್ ಹಾಕಿ ಹಾಗೇ ಬಿಡಬೇಕು. ಒಂದೇ ಜಾತಿಯವನ್ನು ಕೂಡಿ ಕಳೆಯಿರಿ, ಬೇರೆ ಜಾತಿಯವನ್ನು ಬೇರೆಯಾಗೇ ಇಡಿ ಅನ್ನುವ ನಿಯಮವನ್ನು ಭಾಸ್ಕರಾಚಾರ್ಯರೇ ಬರೆದಿದ್ದಾರೆ, ಇವತ್ತಿನ ಪಠ್ಯಪುಸ್ತಕದ್ದೇನೂ ಹೊಸದಲ್ಲ.

ಎರಡನೆಯದು: ಯಾವುದರಿಂದ ಯಾವುದನ್ನು?

‘9ಬ ಅನ್ನು 4ಬ ಇಂದ ಕಳೆಯಿರಿ’ ಅಂತ ಪ್ರಶ್ನೆ ಇದ್ದರೆ ಮಕ್ಕಳು ಕಂಡ ಕ್ರಮದಲ್ಲೇ 9ಬ − 4ಬ ಬರೆದು 5ಬ ಅಂತ ಮುಗಿಸಿಬಿಡುತ್ತಾರೆ. ‘ಇಂದ’ ಯಾವುದಕ್ಕೆ ಅಂಟಿದೆಯೋ ಅದನ್ನು ಮೊದಲು ಬರೆಯಬೇಕು. ಹಾಗಾಗಿ 4ಬ − 9ಬ, ಉತ್ತರ −5ಬ. ಚಿಕ್ಕದರಲ್ಲಿ ದೊಡ್ಡದು ಹೇಗೆ ಹೋಗುತ್ತೆ ಅಂತ ಕೇಳಿದರೆ ಮತ್ತೆ ಮಂಡಿಗೇ ಕರೆದುಕೊಂಡು ಹೋಗಿ: ಒಂಬತ್ತು ಬಾಕ್ಸಿನಷ್ಟು ಅಡ್ವಾನ್ಸ್ ಮೊದಲೇ ತಗೊಂಡಾಗಿದೆ, ಇವತ್ತು ಹಾಕಿದ್ದು ನಾಲ್ಕೇ ಬಾಕ್ಸು, ಇನ್ನೂ ಐದು ಬಾಕ್ಸಿನ ದುಡ್ಡು ನಾವೇ ಕೊಡಬೇಕು. ಆ ‘ನಾವೇ ಕೊಡಬೇಕು’ ಅನ್ನುವುದೇ ಮೈನಸ್.

ಮೂರನೆಯದು: ಕಳೆಯುವ ಪದದ ಚಿಹ್ನೆ ಬದಲಿಸಿ, ಕೂಡಿ

ನಿಜವಾಗಿ ಕೈ ಕೊಡುವುದು ಇಲ್ಲಿ. −5ಬತ ಇಂದ −8ಬತ ಕಳೆಯಬೇಕು ಅನ್ನಿ. ಮೊದಲು ಬ್ರಾಕೆಟ್ ಹಾಕಿ ಬರೆಯಿರಿ: −5ಬತ − (−8ಬತ). ಬ್ರಾಕೆಟ್ ಇಲ್ಲದೆ ಎರಡು ಮೈನಸ್ ಪಕ್ಕಪಕ್ಕ ಬರೆದರೆ ಒಂದು ಎಲ್ಲೋ ಮಾಯ ಆಗುವುದು ಗ್ಯಾರಂಟಿ. ಆಮೇಲೆ ಕಳೆಯುವ ಪದದ ಚಿಹ್ನೆ ತಿರುಗಿಸಿ, ಮಧ್ಯದ ಮೈನಸ್ಸನ್ನು ಪ್ಲಸ್ ಮಾಡಿ: −5ಬತ + 8ಬತ = 3ಬತ. ಮೊದಲ ಪದವನ್ನು ಮುಟ್ಟಬಾರದು. ಎರಡರ ಚಿಹ್ನೆಯನ್ನೂ ತಿರುಗಿಸುವ ಮಕ್ಕಳಿದ್ದಾರೆ, ಅವರಿಗೆ ಕಳೆಯುವ ಪದಕ್ಕೆ ಮಾತ್ರ ಪೆನ್ಸಿಲ್‌ನಲ್ಲಿ ಒಂದು ಸುತ್ತು ಹಾಕಿಸಿ.

ಮೈನಸ್ ಕಳೆದರೆ ಯಾಕೆ ಪ್ಲಸ್ ಆಗುತ್ತದೆ ಅಂತ ಕೇಳದ ಮಗು ಇಲ್ಲ. ಗಣಿತಜ್ಞ ಬ್ರಹ್ಮಗುಪ್ತರು ಕ್ರಿ.ಶ. 628ರಲ್ಲೇ ಇದನ್ನು ಆಸ್ತಿ ಮತ್ತು ಸಾಲದ ಮಾತಲ್ಲಿ ಹೇಳಿದ್ದರು: ಸೊನ್ನೆಯಿಂದ ಸಾಲ ಕಳೆದರೆ ಆಸ್ತಿ. ಸಾಲ ಮನ್ನಾ ಆದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಿಹ್ನೆ ಸರಿ ಆದ ಮೇಲೆ ಉಳಿದದ್ದು ಸಹಗುಣಕಗಳ ಲೆಕ್ಕ ಅಷ್ಟೇ. ¾ತ − ½ತ ಕೊಟ್ಟರೂ ಅದೇ ದಾರಿ, ¼ತ. ಅಕ್ಷರ, ಘಾತ ಇದ್ದ ಹಾಗೇ ಕೆಳಗೆ ಇಳಿಯುತ್ತವೆ. 5ಬ³ − 2ಬ³ ಅಂದರೆ 3ಬ³. ಇಲ್ಲಿ ಘಾತವನ್ನೂ ಕಳೆದು ಬರೀ 3 ಅಂತ ಬರೆಯುವವರು ಭಾಗಾಕಾರದ ನಿಯಮವನ್ನು ತಂದು ಇಲ್ಲಿ ಹಾಕಿರುತ್ತಾರೆ. ಬ⁵ ÷ ಬ² = ಬ³ ಅನ್ನುವಾಗ ಘಾತ ಕಳೆಯುವುದು ಸರಿ. ವ್ಯವಕಲನದಲ್ಲಿ ಘಾತದ ತಂಟೆಗೇ ಹೋಗಬಾರದು.

ಕೊನೆಗೆ, ತಾಳೆ ನೋಡಿ

ಇದನ್ನು ಎಲ್ಲರೂ ಬಿಡುತ್ತಾರೆ, ನನ್ನ ಪ್ರಕಾರ ಇದೇ ಬಿಡಬಾರದ್ದು. ಅಕ್ಷರದ ಜಾಗದಲ್ಲಿ ಒಂದು ಸಂಖ್ಯೆ ಹಾಕಿ ಎರಡೂ ಕಡೆ ಒಂದೇ ಬರುತ್ತದಾ ನೋಡಬೇಕು. ಆದರೆ ಸುಲಭ ಅಂತ 0 ಅಥವಾ 1 ಹಾಕಬೇಡಿ. ಮಗು 7ಬ² − 3ಬ = 4ಬ² ಅಂತ ತಪ್ಪು ಬರೆದಿದೆ ಅನ್ನಿ. ಬ = 1 ಹಾಕಿದರೆ ಈ ಕಡೆ 7 − 3 = 4, ಆ ಕಡೆಯೂ 4, ತಪ್ಪು ಉತ್ತರ ಪಾಸ್! 0 ಹಾಕಿದರಂತೂ ಎಲ್ಲವೂ ಸೊನ್ನೆ. 10 ಹಾಕಿ ನೋಡಿ. 700 − 30 = 670, ಆ ಕಡೆ 400. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. 10ರಲ್ಲಿ ಇನ್ನೊಂದು ಲಾಭ ಇದೆ: ಬ² ನೂರರ ಸ್ಥಾನ, ಬ ಹತ್ತರ ಸ್ಥಾನ ಆಗುತ್ತದೆ, ಮತ್ತು ಏಳು ನೂರರಲ್ಲಿ ಮೂರು ಹತ್ತು ಕಳೆದರೆ ನಾಲ್ಕು ನೂರು ಅಂತ ಎರಡನೇ ಕ್ಲಾಸಿನ ಮಗುವೂ ಹೇಳುವುದಿಲ್ಲ. ಎರಡು ಅಕ್ಷರ ಇದ್ದರೆ ಬ ಗೆ 10, ತ ಗೆ 3 ಹಾಕಿ. ಆಗ ಬ²ತ 300, ಬತ² 90, ಎರಡೂ ಬೇರೆ ಬೇರೆ ಅಂತ ವಾದ ಮಾಡದೆ ಒಪ್ಪುತ್ತಾರೆ.

ಇವತ್ತು ಸಂಜೆ ಈ ಐದು ಮಾಡಿಸಿ: 12ಬ − ಬ, 3ತ² − 10ತ², −2ಬ ಇಂದ 7ಬ ಕಳೆಯಿರಿ, −6ಬತ − (−6ತಬ), 8ಬ²ತ − 5ಬತ².

ಉತ್ತರಗಳು ಕ್ರಮವಾಗಿ 11ಬ, −7ತ², −9ಬ, 0, ಮತ್ತು ಐದನೆಯದು ಕೊಟ್ಟ ಹಾಗೇ ಇರುತ್ತದೆ. ಮೂರನೆಯದಕ್ಕೆ 9ಬ ಬರೆದಿದ್ದರೆ ಕ್ರಮ ತಪ್ಪಿದೆ, −5ಬ ಬರೆದಿದ್ದರೆ ಮೊದಲ ಪದದ ಮೈನಸ್ ಬಿಟ್ಟುಹೋಗಿದೆ. ನಾಲ್ಕನೆಯದಕ್ಕೆ −12ಬತ ಬಂದಿದ್ದರೆ ಚಿಹ್ನೆ ತಿರುಗಿಸಿಲ್ಲ. ಐದನೆಯದಕ್ಕೆ ‘ಉತ್ತರ ಬರಲಿಲ್ಲ’ ಅಂತ ಮಗು ಗೋಳಾಡಿದರೆ ಪುಸ್ತಕ ಕಿತ್ತುಕೊಳ್ಳಬೇಡಿ, ಅದೇ ಉತ್ತರ ಅಂತ ಹೇಳಿ ಒಂದು ರೈಟ್ ಮಾರ್ಕ್ ಹಾಕಿ.