ತಾಲ್ಲೂಕು ಕಚೇರಿಗೆ ಇ-ಆಫೀಸ್ ತರುವುದು: ಟಪಾಲು ಟೇಬಲ್‌ನಿಂದ ಶುರು ಮಾಡಿ

ಕಡತಗಳನ್ನೆಲ್ಲ ಕಾಗದದ ಬದಲು ಕಂಪ್ಯೂಟರಿನಲ್ಲೇ ನಡೆಸುವ ಇ-ಆಫೀಸ್ ಜಾರಿ ಮಾಡಿ ಅಂತ ಸುತ್ತೋಲೆ ಬಂದ ಕೂಡಲೇ ಎಲ್ಲ ಕಡೆ ಮೊದಲ ತರಬೇತಿ ಸಾಹೇಬರಿಗೆ. ಶಿರಸ್ತೇದಾರನಾಗಿ ನನ್ನ ಸಲಹೆ ಬೇರೆ. ಟಪಾಲು ತೆಗೆದುಕೊಳ್ಳುವವರನ್ನು ಮೊದಲು ತಯಾರು ಮಾಡಿ. ಅರ್ಜಿ ಬಂದ ಟೇಬಲ್‌ನಲ್ಲೇ ಸ್ಕ್ಯಾನ್ ಆಗಿ ನಂಬರ್ ಬೀಳದಿದ್ದರೆ, ಅದು ಕಾಗದವಾಗಿಯೇ ಕೇಸ್ ವರ್ಕರ್ ಕೈ ಸೇರುತ್ತದೆ. ಆಮೇಲೆ ಅದನ್ನು ಕಂಪ್ಯೂಟರಿಗೆ ಹಾಕುವವರು ಯಾರು? ಕಚೇರಿಯ ಒಳ್ಳೆಯ ಸ್ಕ್ಯಾನರ್, ಯುಪಿಎಸ್ ಎರಡೂ ಆ ಟೇಬಲ್‌ಗೇ ಹೋಗಲಿ.

ಮುಂದಿನದು ತಾರೀಕು. 'ಸ್ವಲ್ಪ ದಿನ ಕಾಗದವೂ ಇರಲಿ ಸಾರ್' ಅನ್ನುತ್ತಾರೆ. ಒಪ್ಪಬೇಡಿ. ಕೆಲಸ ಡಬಲ್ ಆಗುತ್ತದೆ, ಕೊನೆಗೆ ಎಲ್ಲರೂ ನಂಬುವುದು ಕಾಗದವನ್ನೇ. ಭೂಮಿ ಯೋಜನೆ ನೆನಪಿದೆ ಅಲ್ವಾ? 2000ದ ಆಸುಪಾಸಿನಲ್ಲಿ ತಾಲ್ಲೂಕುಗಳಿಗೆ ಕಂಪ್ಯೂಟರ್ ಪಹಣಿ ಬಂದಾಗ, ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲ ಅಂತ ಸರ್ಕಾರ ಖಡಾಖಂಡಿತ ಹೇಳಿತು. ಅದು ಬೇರೂರಿದ್ದೇ ಅದರಿಂದ. ನೀವೂ ಒಂದು ದಿನ ಗೊತ್ತು ಮಾಡಿ. ಅಂದಿನಿಂದ ಹೊಸ ಕಡತವೆಲ್ಲ ಇ-ಆಫೀಸ್‌ನಲ್ಲೇ. ಹಳೆಯದರಲ್ಲಿ ಚಾಲ್ತಿ ಇರುವುದನ್ನು ಮಾತ್ರ ಸ್ಕ್ಯಾನ್ ಮಾಡಿಸಿ. ಮುಕ್ತಾಯವಾದದ್ದು ರೆಕಾರ್ಡ್ ರೂಮಿಗೆ.

ನಮ್ಮವರನ್ನು ಜಾಸ್ತಿ ಕಾಡುವುದು 'ನುಡಿ', ಅಂದರೆ ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್. ವರ್ಷಗಟ್ಟಲೆ ಹಳೆಯ ನುಡಿ ಫಾಂಟಿನಲ್ಲಿ ಮಾಡಿಟ್ಟ ಟಿಪ್ಪಣಿಯನ್ನು ತಂದು ಅಂಟಿಸಿದರೆ ಪರದೆ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅಲ್ಲಿಗೆ 'ಈ ಸಾಫ್ಟ್‌ವೇರ್ ಸರಿಯಿಲ್ಲ' ಅಂತ ತೀರ್ಮಾನ! ನುಡಿಯನ್ನೇ ಯೂನಿಕೋಡಿಗೆ, ಅಂದರೆ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ಪದ್ಧತಿಗೆ, ಬದಲಿಸಿಕೊಡಿ. ಕೀಲಿಗಳ ಜೋಡಣೆ ಅದೇ ಇರುತ್ತದೆ, ಬೆರಳು ಹೊಸದೇನೂ ಕಲಿಯಬೇಕಿಲ್ಲ. ಹಳೆಯ ಮಾದರಿ ಟಿಪ್ಪಣಿಗಳನ್ನು ಕನ್ವರ್ಟರ್‌ಗೆ ಹಾಕಿ, ಒತ್ತಕ್ಷರ ಸರಿ ಬಂದಿದೆಯಾ ಅಂತ ಒಮ್ಮೆ ನೋಡಿ.

ತರಬೇತಿಗೆ ಡೆಮೊ ಕಡತ ಬೇಡ, ಅವರವರ ಟೇಬಲ್‌ನ ಕಡತವೇ ಆಗಲಿ. ನಮ್ಮಲ್ಲಿ ನಿವೃತ್ತಿಗೆ ಹತ್ತಿರವಿದ್ದ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ) ಮೇಡಂ ಒಬ್ಬರು ಮೌಸ್ ಮುಟ್ಟಲೇ ಹೆದರುತ್ತಿದ್ದರು. 'ಹಾಳೆಯಾದರೆ ಹರಿದು ಬೇರೆ ಬರೀಬಹುದು ಸಾರ್, ಇಲ್ಲಿ ತಪ್ಪಾದರೆ ನನ್ನ ಹೆಸರಲ್ಲೇ ಉಳಿಯುತ್ತಲ್ಲ' ಅಂದರು. ನ್ಯಾಯವಾದ ಭಯವೇ. ಇ-ಆಫೀಸ್‌ನಲ್ಲಿ ಹಸಿರು ಟಿಪ್ಪಣಿ ಅಂದರೆ ಅಂತಿಮ ಟಿಪ್ಪಣಿ, ಮುಂದೆ ಹೋದ ಮೇಲೆ ತಿದ್ದಲು ಬರುವುದಿಲ್ಲ. ಮೊದಲು ಹಳದಿ ಟಿಪ್ಪಣಿಯಲ್ಲಿ, ಅಂದರೆ ಕರಡಿನಲ್ಲಿ, ಬರೆಯಿರಿ, ಎಷ್ಟು ಸಲ ಬೇಕಾದರೂ ತಿದ್ದಿ ಅಂತ ತೋರಿಸಿದೆ. ತಪ್ಪು ಟೇಬಲ್‌ಗೆ ಕಳಿಸಿದರೂ ಅವರು ತೆರೆಯುವ ಮೊದಲು ವಾಪಸ್ ಎಳೆದುಕೊಳ್ಳಬಹುದು ಅಂತಲೂ ಹೇಳಿದೆ. ಆಮೇಲೆ ಪಕ್ಕದ ಟೇಬಲ್‌ನವರಿಗೆ ಅವರೇ ಮೇಷ್ಟ್ರು.

ಅಧಿಕಾರಿಯ ಡಿಜಿಟಲ್ ಸಹಿಯ ಟೋಕನ್ (ಪೆನ್‌ಡ್ರೈವ್‌ನಂಥದ್ದು), ಪಿನ್ ಎರಡೂ ಆಪರೇಟರ್ ಕೈಲಿ ಇರುವುದು ಕಂಡರೆ ಅವತ್ತೇ ನಿಲ್ಲಿಸಿ, ಇಲ್ಲದಿದ್ದರೆ ಸಾಹೇಬರ ಸಹಿ ಅವರೇ ಹಾಕಿಬಿಡಬಹುದು.

ವರ್ಗಾವಣೆ ಕಾಲದಲ್ಲಿ ಇನ್ನೊಂದು ಪೇಚು. ಹೋದವರ ಇನ್‌ಬಾಕ್ಸ್‌ನಲ್ಲಿ ಕಡತ ಸುಮ್ನೆ ಕೂತಿರುತ್ತದೆ, ಬೀರು ತೆರೆದು ಹುಡುಕುವ ಹಾಗೂ ಇಲ್ಲ. ರಿಲೀವ್ ಆದೇಶವನ್ನು ತಹಶೀಲ್ದಾರರ ಸಹಿಗೆ ಇಡುವ ಮೊದಲು ವರ್ಗವಾದವರನ್ನು ಪಕ್ಕ ಕೂರಿಸಿಕೊಂಡು ಇನ್‌ಬಾಕ್ಸ್ ತೆರೆಸಿ. ಬಾಕಿಯೆಲ್ಲ ಚಾರ್ಜ್ ತೆಗೆದುಕೊಳ್ಳುವವರ ಹೆಸರಿಗೆ ಹೋಗಲಿ, ಕಡತಗಳ ಪಟ್ಟಿ ಚಾರ್ಜ್ ಲಿಸ್ಟ್‌ಗೆ ಸೇರಲಿ.