ಅಲಾಸ್ಕಾ ಕ್ರೂಸ್: ವೀಲ್‌ಚೇರ್‌ನಲ್ಲಿ ದಡ ಸುತ್ತಿ ಬರುವುದು ಹೇಗೆ?

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳು ಬೇಸಿಗೆಯಲ್ಲಿ ಊರಿನಿಂದ ಬಂದ ಅಪ್ಪ ಅಮ್ಮನನ್ನು ಸಿಯಾಟಲ್‌ನಿಂದ ಹೊರಡುವ ಅಲಾಸ್ಕಾ ಕ್ರೂಸ್‌ಗೆ ಕರೆದೊಯ್ಯುವುದುಂಟು. ಅವರಲ್ಲಿ ಒಬ್ಬರಿಗೆ ವೀಲ್‌ಚೇರ್ ಬೇಕಿದ್ದರೂ ಹಡಗಿನೊಳಗೆ ಹೆಚ್ಚಿನ ತೊಂದರೆಯಾಗದು. ಲಿಫ್ಟ್ ಇರುತ್ತದೆ, ಊಟದ ಕೋಣೆಯವರೆಗೆ ಸಮತಟ್ಟಾದ ನೆಲ ಇರುತ್ತದೆ. ತೊಡಕು ಶುರುವಾಗುವುದು ಹಡಗು ಧಕ್ಕೆ ಮುಟ್ಟಿದ ಮೇಲೆ. ಆಗ ಎಷ್ಟೋ ಹಿರಿಯರು "ನೀವು ಹೋಗಿಬನ್ನಿ, ನಾನು ಇಲ್ಲೇ ಇರ್ತೀನಿ" ಎಂದು ಕ್ಯಾಬಿನ್ನಿನಲ್ಲೇ ಉಳಿದುಬಿಡುತ್ತಾರೆ. ಹಿಮನದಿ ನೋಡುವ ಆಸೆ ಅವರಿಗೆ ಇಲ್ಲವೆಂದಲ್ಲ, ತಮ್ಮಿಂದ ಮಕ್ಕಳಿಗೆ ತ್ರಾಸವಾಗಬಾರದೆಂದು ಹಾಗೆ ಹೇಳುತ್ತಾರೆ. ಟಿಕೆಟ್ ಕಾಯ್ದಿರಿಸುವ ಹೊತ್ತಿನಲ್ಲೇ ಕೆಲವು ವಿಷಯಗಳನ್ನು ವಿಚಾರಿಸಿಕೊಂಡರೆ ಅವರೂ ಎಲ್ಲರೊಂದಿಗೆ ದಡಕ್ಕಿಳಿಯಬಹುದು.

ಮೊದಲು ನೋಡಬೇಕಾದದ್ದು ಹಡಗು ಪ್ರತಿ ಊರಿನಲ್ಲಿ ಧಕ್ಕೆಗೆ ತಾಗಿ ನಿಲ್ಲುತ್ತದೆಯೋ, ಸಮುದ್ರದಲ್ಲೇ ಲಂಗರು ಹಾಕುತ್ತದೆಯೋ ಎಂಬುದನ್ನು. ಲಂಗರು ಹಾಕಿದರೆ ಪ್ರಯಾಣಿಕರನ್ನು ಟೆಂಡರ್ ಎನ್ನುವ ಸಣ್ಣ ದೋಣಿಯಲ್ಲಿ ದಡಕ್ಕೆ ಒಯ್ಯುತ್ತಾರೆ. ಹಡಗು ಮತ್ತು ದೋಣಿ ಎರಡೂ ಅಲೆಯ ಮೇಲೆ ಬೇರೆಬೇರೆಯಾಗಿ ಏಳುತ್ತ ಬೀಳುತ್ತ ಇರುವುದರಿಂದ, ಕೆಲವು ಹೆಜ್ಜೆಗಳನ್ನಾದರೂ ತಾವೇ ಇಡಬಲ್ಲವರನ್ನು ಮಾತ್ರ ಹತ್ತಿಸಿಕೊಳ್ಳುವ ನಿಯಮ ಹಲವು ಕಂಪನಿಗಳಲ್ಲಿದೆ. ಭಾರವಾದ ಎಲೆಕ್ಟ್ರಿಕ್ ವೀಲ್‌ಚೇರ್‌ಗಳನ್ನು ಸಾಮಾನ್ಯವಾಗಿ ದೋಣಿಗೆ ಬಿಡುವುದಿಲ್ಲ, ಸಿಬ್ಬಂದಿ ಪ್ರಯಾಣಿಕರನ್ನು ಎತ್ತಿ ಇಳಿಸುವುದೂ ಇಲ್ಲ. ಆ ದಿನದ ಗಾಳಿ, ಅಲೆ ನೋಡಿ ಕೊನೆಯ ತೀರ್ಮಾನ ಕೊಡುವವರು ಹಡಗಿನ ಕ್ಯಾಪ್ಟನ್. ಅಲಾಸ್ಕಾದಲ್ಲಿ ಹಡಗುಗಳು ನಿಲ್ಲುವ ಜೂನೋ, ಸ್ಕ್ಯಾಗ್‌ವೇ, ಕೆಚಿಕನ್ ಈ ಮೂರೂ ಊರುಗಳಲ್ಲಿ ಧಕ್ಕೆಗಳಿವೆ; ಆದರೆ ಹಡಗುಗಳು ಹೆಚ್ಚಾದ ದಿನ ಒಂದೆರಡು ಹಡಗುಗಳು ಲಂಗರಿನಲ್ಲಿ ನಿಲ್ಲಬೇಕಾಗಬಹುದು. ಆದ್ದರಿಂದ ಊರಿನ ಹೆಸರನ್ನಷ್ಟೇ ನಂಬದೆ, ನಿಮ್ಮ ದಿನಾಂಕದಂದು ನಿಮ್ಮ ಹಡಗು ಎಲ್ಲಿ ನಿಲ್ಲುತ್ತದೆ ಎಂದು ಕಂಪನಿಗೇ ಬರೆದು ಕೇಳಿ. ಕೆಚಿಕನ್‌ಗೆ ಹೋಗುವ ಕೆಲವು ಹಡಗುಗಳು ಊರಿನಿಂದ ಸುಮಾರು 11 ಕಿಲೋಮೀಟರ್ ದೂರದ ವಾರ್ಡ್ ಕೋವ್‌ನಲ್ಲಿ ನಿಲ್ಲುತ್ತವೆ, ಅಲ್ಲಿಂದ ಊರಿಗೆ ಬಸ್ಸೇ ಗತಿ. ಆ ಬಸ್ಸಿಗೆ ವೀಲ್‌ಚೇರ್ ಏರಿಸುವ ಲಿಫ್ಟ್ ಇದೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಬೇಕು.

ಎರಡನೆಯದು ಅಳತೆ. ಟೇಪ್ ಹಿಡಿದು ವೀಲ್‌ಚೇರಿನ ಅಗಲವನ್ನು ಒಂದು ಗಾಲಿಯ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿನವರೆಗೆ ಅಳೆಯಿರಿ. ಮಡಚಿದಾಗ ಎಷ್ಟು ಜಾಗ ಹಿಡಿಯುತ್ತದೆ, ಖಾಲಿ ತೂಕ ಎಷ್ಟು, ಕುಳಿತವರ ತೂಕ ಸೇರಿದರೆ ಎಷ್ಟು ಎಂದು ಬರೆದಿಡಿ, ಏಕೆಂದರೆ ಬಸ್ಸಿನ ಲಿಫ್ಟ್‌ಗೆ ಲೆಕ್ಕಕ್ಕೆ ಬರುವುದು ಒಟ್ಟು ತೂಕ. ಹೊಸದಾಗಿ ಕೊಳ್ಳುವವರು ಅಥವಾ ಬಾಡಿಗೆಗೆ ತರುವವರು, ನಾಲ್ಕೂ ಗಾಲಿ ಚಿಕ್ಕದಿರುವ ಹಗುರ ಕುರ್ಚಿಗಿಂತ ಹಿಂದೆ ದೊಡ್ಡ ಗಾಲಿಗಳಿರುವುದನ್ನು ಆರಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಮರದ ಹಲಗೆ ಹಾಸಿದ ಕಾಲುದಾರಿಗಳು ಈ ಊರುಗಳಲ್ಲಿ ಸಾಮಾನ್ಯ, ಹಲಗೆಗಳ ಸಂದಿಯಲ್ಲಿ ಚಿಕ್ಕ ಗಾಲಿ ಸಿಕ್ಕಿಕೊಂಡರೆ ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಲಿಥಿಯಂ ಬ್ಯಾಟರಿಯ ಮಡಚುವ ಕುರ್ಚಿಯನ್ನು ಬೆಂಗಳೂರಿನಿಂದಲೇ ವಿಮಾನದಲ್ಲಿ ಒಯ್ಯುವುದಾದರೆ, ಬಿಚ್ಚಿ ತೆಗೆಯುವ ಬ್ಯಾಟರಿಯ ಸಾಮರ್ಥ್ಯಕ್ಕೆ 300 ವ್ಯಾಟ್-ಅವರ್ ಮಿತಿಯಿದೆ (ಎರಡು ಬ್ಯಾಟರಿ ಇದ್ದರೆ ತಲಾ 160). ಅದನ್ನು ವಿಮಾನ ಕಂಪನಿಗೆ ಮೊದಲೇ ತಿಳಿಸಿರಬೇಕು. ಹಡಗಿನಲ್ಲಿರುವ ವೀಲ್‌ಚೇರ್‌ಗಳು ಸಾಮಾನ್ಯವಾಗಿ ತುರ್ತು ಬಳಕೆಗೆ ಮೀಸಲಾಗಿದ್ದು, ದಡದ ಪ್ರವಾಸಕ್ಕೆ ಅವನ್ನು ನೆಚ್ಚಿಕೊಳ್ಳುವಂತಿಲ್ಲ.

ಈಗ ಪ್ರವಾಸಗಳನ್ನು ಆರಿಸುವ ಕೆಲಸ. ಹೆಚ್ಚಿನವರು ತಪ್ಪುವುದು ಇಲ್ಲೇ. "ವೀಲ್‌ಚೇರ್ ತರಬಹುದು" ಎಂದು ಬರೆದಿರುವ ಪ್ರವಾಸ ಮತ್ತು ವೀಲ್‌ಚೇರ್‌ನಲ್ಲಿ ಕುಳಿತೇ ಹೋಗಬಹುದಾದ ಪ್ರವಾಸ, ಇವೆರಡೂ ಒಂದೇ ಅಲ್ಲ. ಮೊದಲನೆಯದರಲ್ಲಿ ಕುರ್ಚಿಯನ್ನು ಮಡಚಿ ಬಸ್ಸಿನ ಹೊಟ್ಟೆಯಲ್ಲಿ ಇಡುತ್ತಾರೆ. ಕುಳಿತಿದ್ದವರು ಬಸ್ಸಿನ ಕಡಿದಾದ ಮೆಟ್ಟಿಲುಗಳನ್ನು ತಾವೇ ಹತ್ತಬೇಕು. ಆದ್ದರಿಂದ "ಅನುಕೂಲ ಇದೆಯೇ?" ಎಂದು ಕೇಳಬೇಡಿ, ಆ ಪ್ರಶ್ನೆಗೆ ಹೌದು ಎನ್ನುವುದು ಸುಲಭ. ಬಸ್ಸಿನಲ್ಲಿ ಲಿಫ್ಟ್ ಇದೆಯೇ, ಅದು ಎಷ್ಟು ಕಿಲೋ ಹೊರುತ್ತದೆ, ಒಟ್ಟು ಎಷ್ಟು ಮೆಟ್ಟಿಲುಗಳಿವೆ, ನೆಲ ಟಾರೋ ಜಲ್ಲಿಯೋ ಹಲಗೆಯೋ, ಶೌಚಾಲಯದ ಬಾಗಿಲು ಎಷ್ಟು ಅಗಲ ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ಪಡೆಯಿರಿ. ಅಮೆರಿಕದಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ 1990ರಲ್ಲೇ ಅಂಗೀಕಾರವಾಗಿದ್ದು, ಅಮೆರಿಕದ ಜಲಪ್ರದೇಶದಲ್ಲಿರುವ ವಿದೇಶಿ ಧ್ವಜದ ಕ್ರೂಸ್ ಹಡಗುಗಳಿಗೂ ಅದು ಅನ್ವಯಿಸುತ್ತದೆಂದು ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ. ಹಾಗಾಗಿ ಸಂಕೋಚಪಡದೆ ಕೇಳಬಹುದು. ಲಿಫ್ಟ್ ಇರುವ ಬಸ್ಸುಗಳ ಸಂಖ್ಯೆ ಕಡಿಮೆಯಾದ್ದರಿಂದ ಎರಡು ತಿಂಗಳು ಮೊದಲೇ ಕೇಳುವುದು ಕ್ಷೇಮ.

ಇನ್ನೊಂದು ವಿಷಯವನ್ನು ಟ್ರಾವೆಲ್ ಏಜೆಂಟರು ಸಾಮಾನ್ಯವಾಗಿ ಎತ್ತುವುದೇ ಇಲ್ಲ, ಅದು ಉಬ್ಬರವಿಳಿತ. ನಮ್ಮ ಮಂಗಳೂರು, ಕಾರವಾರಗಳಲ್ಲಿ ನೀರು ಏರಿಳಿಯುವುದು ಹೆಚ್ಚೆಂದರೆ ಎರಡು ಮೀಟರಿನ ಆಸುಪಾಸು. ಜೂನೋದಲ್ಲಿ ಕೆಲವು ದಿನ ಈ ಅಂತರ ಆರು ಮೀಟರನ್ನೂ ದಾಟುತ್ತದೆ. ನೀರಿನೊಡನೆ ಹಡಗೂ ತೇಲುಧಕ್ಕೆಯೂ ಇಳಿಯುತ್ತವೆ, ದಡ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ತೇಲುಧಕ್ಕೆಯಿಂದ ದಡಕ್ಕೆ ಹಾಕಿದ, ಬೆಳಿಗ್ಗೆ ಸಲೀಸಾಗಿದ್ದ ಸೇತುವೆ ಆರು ಗಂಟೆಗಳ ನಂತರ ಕಡಿದಾದ ಏರಾಗಿರಬಹುದು. ವೀಲ್‌ಚೇರ್‌ಗೆ ಒಪ್ಪುವ ಇಳಿಜಾರು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ನೀರು ಇಳಿದಾಗ ಆ ಲೆಕ್ಕ ಉಳಿಯುವುದಿಲ್ಲ. ತಿಮಿಂಗಿಲ ನೋಡಲು ಕರೆದೊಯ್ಯುವ ದೋಣಿಗಳ ತೇಲುಕಟ್ಟೆಗೂ ಇದೇ ಮಾತು. ಅಮೆರಿಕ ಸರ್ಕಾರದ ಸಾಗರ ಸಂಸ್ಥೆ ನೋವಾ ಪ್ರತಿ ಊರಿನ ಉಬ್ಬರವಿಳಿತದ ವೇಳಾಪಟ್ಟಿಯನ್ನು ಮೊದಲೇ ಪ್ರಕಟಿಸುತ್ತದೆ. ಅದನ್ನು ಎದುರಿಗಿಟ್ಟುಕೊಂಡು, ನೀರು ಮೇಲಿರುವ ಹೊತ್ತಿಗೆ ಹೊರಡುವ ಅಥವಾ ಮರಳುವ ಪ್ರವಾಸವನ್ನು ಆರಿಸಿ. ಕಡಿದಾದಲ್ಲಿ ಇಳಿಯುವಾಗ ಕುಳಿತವರ ಮುಖ ಏರಿನ ಕಡೆಗಿರುವಂತೆ ಕುರ್ಚಿಯನ್ನು ತಿರುಗಿಸಿ, ಹಿಡಿದವರು ಹಿಮ್ಮುಖವಾಗಿ ಒಂದೊಂದೇ ಹೆಜ್ಜೆ ಇಟ್ಟು ಇಳಿಯಬೇಕು. ಮುಂದಕ್ಕೆ ನೂಕಿಕೊಂಡು ಇಳಿಯುವ ಧೈರ್ಯ ಬೇಡ.

ಹಾಗಾದರೆ ಎಲ್ಲಿಗೆ ಹೋಗುವುದು? ಒಂದೇ ಪ್ರವಾಸಕ್ಕೆ ಹಣ ಹಾಕುವುದಾದರೆ ಸ್ಕ್ಯಾಗ್‌ವೇಯ ವೈಟ್ ಪಾಸ್ ರೈಲಿಗೆ ಹಾಕಿ. ಚಿನ್ನದ ಬೇಟೆಯ ಕಾಲದಲ್ಲಿ, 1898ರಲ್ಲಿ ಆರಂಭಿಸಿ 1900ರಲ್ಲಿ ಮುಗಿಸಿದ ಈ ಮಾರ್ಗ ಸಮುದ್ರಮಟ್ಟದಿಂದ 2,865 ಅಡಿ ಎತ್ತರದ ಕಣಿವೆದಾರಿಯವರೆಗೆ ಸುಮಾರು 32 ಕಿಲೋಮೀಟರ್ ಏರುತ್ತದೆ. ವೀಲ್‌ಚೇರ್ ಏರಿಸುವ ಲಿಫ್ಟ್ ಇರುವ ಬೋಗಿಗಳಿವೆ, ಆದರೆ ಟಿಕೆಟ್ ಕೊಳ್ಳುವಾಗಲೇ ಹೇಳಿರಬೇಕು. ಪ್ರಪಾತ, ಸುರಂಗ, ಜಲಪಾತಗಳೆಲ್ಲ ಕಿಟಕಿಯ ಪಕ್ಕದಲ್ಲೇ ಸಾಗುವುದರಿಂದ, ನಡೆಯಬಲ್ಲವರು ಕಂಡದ್ದನ್ನೆಲ್ಲ ನಡೆಯಲಾರದವರೂ ಕಾಣುತ್ತಾರೆ. ಈ ಸಮಾನತೆ ಬೇರೆ ಪ್ರವಾಸಗಳಲ್ಲಿ ಅಪರೂಪ.

ಜೂನೋದಲ್ಲಿ ಮೆಂಡೆನ್‌ಹಾಲ್ ಹಿಮನದಿ ಊರಿನಿಂದ ಸುಮಾರು 20 ಕಿಲೋಮೀಟರ್ ದೂರ. ಅಲ್ಲಿನ ಪ್ರವಾಸಿ ಕೇಂದ್ರಕ್ಕೆ ಲಿಫ್ಟ್ ಇದೆ, ಸರೋವರದಾಚೆ ಹಿಮನದಿ ಕಾಣುವ ಫೋಟೋ ಪಾಯಿಂಟ್‌ವರೆಗೆ ಗಟ್ಟಿಯಾದ ಕಾಲುದಾರಿಯಿದೆ. ನಗೆಟ್ ಜಲಪಾತದ ದಾರಿ ಜಲ್ಲಿಯದು, ಉದ್ದವೂ ಹೌದು. ಜೊತೆಯವರು ಒತ್ತಾಯಿಸಿದರೂ ಬಿಡುವುದು ವಾಸಿ. ಧಕ್ಕೆಯ ಪಕ್ಕದಿಂದಲೇ ಹೊರಡುವ ಮೌಂಟ್ ರಾಬರ್ಟ್ಸ್ ಕೇಬಲ್ ಕಾರಿನಲ್ಲಿ ವೀಲ್‌ಚೇರ್ ಸಮೇತ 1,800 ಅಡಿ ಏರಬಹುದು, ಬಸ್ಸಿನ ಚಿಂತೆಯೇ ಇಲ್ಲ. ಕೆಚಿಕನ್‌ನಲ್ಲಿ ಮಳೆ ಬಹಳ. ತೊರೆಯ ಮೇಲೆ ಕಂಬ ನೆಟ್ಟು ಕಟ್ಟಿದ ಕ್ರೀಕ್ ಸ್ಟ್ರೀಟಿನ ಹಲಗೆದಾರಿ ಒದ್ದೆಯಾದಾಗ ಜಾರುತ್ತದೆ. ಕುಳಿತವರ ಮಂಡಿ ಮುಚ್ಚುವ ಉದ್ದನೆಯ ರೇನ್‌ಕೋಟು, ನೂಕುವವರಿಗೆ ಹಿಡಿತದ ಕೈಗವಸು ಇರಲಿ.

ಹೊರಡುವ ದಿನ ಕೆಳಗಿಳಿಯುವ ಮುನ್ನ ಬ್ರೇಕು, ಗಾಲಿಯ ಗಾಳಿ, ಕಾಲಿಡುವ ತಟ್ಟೆಯ ತಿರುಪು ನೋಡಿ. ಹೊತ್ತಿನ ಮಾತ್ರೆಗಳು ಕೈಚೀಲದಲ್ಲೇ ಇರಲಿ. ಹಡಗಿನವರೇ ನಡೆಸುವ ಪ್ರವಾಸ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ನೀವೇ ಟ್ಯಾಕ್ಸಿ ಹಿಡಿದು ಹೋಗಿದ್ದರೆ ಕಾಯುವುದಿಲ್ಲ. ಸ್ವಂತವಾಗಿ ಹೋಗುವವರು, ಲಿಫ್ಟ್ ಇರುವ ಇನ್ನೊಂದು ವಾಹನಕ್ಕೆ ಕಾಯಬೇಕಾಗಬಹುದೆಂದು ಲೆಕ್ಕಹಾಕಿ, ಹಡಗು ಹತ್ತಲು ಕೊಟ್ಟಿರುವ ಕೊನೆಯ ವೇಳೆಗಿಂತ ಒಂದೂವರೆ ಗಂಟೆ ಮೊದಲೇ ಧಕ್ಕೆಯ ಬಳಿ ಇರುವಂತೆ ನೋಡಿಕೊಳ್ಳಿ. ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದಿದೆ. ದಡದಲ್ಲಿ ಫೋನು ತಾನಾಗಿ ವೇಳೆ ಬದಲಿಸಿಕೊಳ್ಳಬಹುದಾದ್ದರಿಂದ, ಹಡಗು ಯಾವ ವೇಳೆಯನ್ನು ಪಾಲಿಸುತ್ತಿದೆ ಎಂದು ಹಡಗಿನಿಂದ ಇಳಿಯುವ ದಾರಿಯಾದ ಗ್ಯಾಂಗ್‌ವೇಯಲ್ಲಿ ನಿಂತ ಸಿಬ್ಬಂದಿಯನ್ನು ಕೇಳಿಕೊಂಡೇ ಇಳಿಯಿರಿ.