ಕಸೂತಿಯೊಳಗ ಕತಿ ಹೇಳೋದು ಹೆಂಗ?

ನಮ್ಮ ಧಾರವಾಡ ಕಡೆ ಹೆಣ್ಮಕ್ಳು ಇಳಕಲ್ ಸೀರಿ ಮ್ಯಾಲೆ ಗೋಪುರ, ತೇರು, ತುಳಸಿ ಕಟ್ಟಿ, ತೊಟ್ಟಿಲು, ಆನಿ ಅಂತ ತಾವು ಕಂಡಿದ್ದು ಕೇಳಿದ್ದು ಎಲ್ಲಾ ಹಾಕ್ಕೋತ ಬಂದಾರ, ಅದಕ್ಕ ನನಗ ಕಸೂತಿ ಅಂದ್ರ ಬರೀ ಡಿಸೈನ್ ಅಲ್ಲ, ಅದು ಮಾತಾಡ್ತದ. ನೀವೂ ಒಂದು ಸಣ್ಣ ಪಟ ಮಾಡಿ ನೋಡ್ರಿ. ಕೆಳಗ ಸೃಷ್ಟಿ ಕತಿ, ಮ್ಯಾಲೆ ನಿಮ್ಮ ಮನಿ ಕತಿ.

ಮೊದಲ ಸಲಕ್ಕ ಮ್ಯಾಟಿ ಬಟ್ಟಿ, ಅಂದ್ರ ಚೌಕ ಚೌಕ ನೇಯ್ಗಿ ಇರೋ ಹತ್ತಿ ಬಟ್ಟಿ ತಗೊಳ್ರಿ, ಚೌಕ ಎಣಿಸೋಕೆ ಕಣ್ಣಿಗೆ ಹಗುರ. ಮೊಂಡು ಮೂತಿ ಸೂಜಿ, ಆಂಕರ್ ಕಂಪನಿ ಕಸೂತಿ ದಾರ. ಅದರಾಗ 6 ಎಳಿ ಇರ್ತಾವ, 2 ಎಳಿ ಸಾಕು, ಮೊಳದಷ್ಟು ಕತ್ತರಿಸ್ರಿ, ಉದ್ದ ಆದ್ರ ಸಿಕ್ಕಾಗ್ತದ. ಬಟ್ಟಿ ಮ್ಯಾಲೆ ಪೆನ್ಸಿಲ್ ಬ್ಯಾಡ್ರೀ, ಕಸೂತಿಗೆ ಎಣಿಕೀನೇ ನಕ್ಷೆ. ಗ್ರಾಫ್ ಹಾಳಿ ಮ್ಯಾಲೆ ಬರಕೊಂಡು ಎಣಿಸಿ ಹಾಕ್ರಿ.

ಹೊಲಿಗಿ ನಾಲ್ಕು: ಗವಂತಿ, ಮುರ್ಗಿ, ನೇಯ್ಗಿ, ಮೆಂತೆ. ಸೃಷ್ಟಿ ಅಂದ್ರ ಮೊದಲು ಬರೀ ನೀರು ಅಲ್ರೀ, ಅದಕ್ಕ ಮುರ್ಗಿ. ಅದು ಮೆಟ್ಟಿಲಿನ ಹಂಗ ಏರಿ ಇಳೀತದ, ಎರಡು ಮೂರು ಸಾಲು ನೀಲಿ ಹಾಕಿದ್ರ ತೆರಿ ಎದ್ದಂಗ ಕಾಣ್ತದ. ನೀರಿನ ನಡುವ ಒಂದು ದಂಟು ಎಬ್ಬಿಸಿ ಗವಂತಿಯೊಳಗ ಕಮಲ. ಬ್ರಹ್ಮನ ಮುಖ ಹಾಕೋಕೆ ಹೋಗಬ್ಯಾಡ್ರಿ, ಚೌಕದಾಗ ಮುಖ ಕೂಡೋದು ಕಷ್ಟ, ವಿಷ್ಣುವಿನ ಹೊಕ್ಕಳಿಂದ ಎದ್ದ ಕಮಲದಾಗ ಬ್ರಹ್ಮ ಹುಟ್ಟಿದ ಅನ್ನೋದು ನಮ್ಮವರಿಗೆ ಗೊತ್ತದ, ಕಮಲ ಕಂಡ್ರ ಸಾಕು ಉಳಿದ ಕತಿ ನೆನಪಾಗ್ತದ.

ಗವಂತಿ ಹೆಂಗಂದ್ರ, ಹೋಗ್ತ ಒಂದು ಚೌಕ ಮ್ಯಾಲೆ ಒಂದು ಚೌಕ ಕೆಳಗ, ಕೊನಿ ಮುಟ್ಟಿದ ಮ್ಯಾಲೆ ಅದೇ ದಾರಿ ಹಿಡಿದು ತಿರುಗಿ ಬರ್ತ ಬಿಟ್ಟಿದ್ದ ಜಾಗ ತುಂಬೋದು. ಹಿಂಗ ಮಾಡಿದ್ರ ಬಟ್ಟಿ ಎರಡೂ ಬದಿ ಒಂದೇ ಥರ ಕಾಣ್ತದ. ಗಂಟು ಹಾಕೂ ಹಂಗೇ ಇಲ್ಲ, ತುದಿ ಸ್ವಲ್ಪ ಬಿಟ್ಟು ಆಮ್ಯಾಲೆ ಹೊಲಿಗಿ ಒಳಗ ಸೇರಿಸ್ರಿ. ಪಕ್ಕಕ್ಕ ಎಸಳು ಬಂದ್ರ ಅದರ ತುದಿತನಕ ಹೋಗಿ ತುಂಬಕೋತ ವಾಪಸ್ ಬಂದು ಮುಂದ ಹೋಗ್ಬೇಕು. ನಾನು ಒಮ್ಮೆ ತೊಟ್ಟಿಲು ಹಾಕೋವಾಗ ಅವಸರ ಮಾಡಿ ಆರು ಚೌಕ ಜಿಗಿದುಬಿಟ್ಟೆ, ಮುಂದಿನ ಬದಿ ಚಂದ, ಹಿಂದ ಒಂದು ಉದ್ದ ದಾರ ಅಡ್ಡಾಗಿ ಬಿದ್ದಿತ್ತು, ಪೂರಾ ಬಿಚ್ಚಿ ಮತ್ತ ಹಾಕಿದೆ. ದಾರದ ದಾರಿ ಮೊದಲೇ ಹಾಳಿ ಮ್ಯಾಲೆ ಬೆರಳಾಡಿಸಿ ನೋಡ್ಕೊಳ್ರಿ.

ಮ್ಯಾಲಿನ ಪಟ್ಟಿ ನಿಮ್ಮದು. ನಾನು ನಮ್ಮವ್ವನ ತುಳಸಿ ಕಟ್ಟಿ ಹಾಕಿದೆ, ಪಕ್ಕದಾಗ ನನ್ನ ತೊಟ್ಟಿಲು. ಕಟ್ಟಿ ತುಂಬೋಕೆ ನೇಯ್ದಂಗ ಸಾಲು ಸಾಲಾಗಿ ಹಾಕೋ ನೇಯ್ಗಿ, ತುಳಸಿ ಎಲಿಗೆ ಮೆಂತೆ, ಸಣ್ಣ ಸಣ್ಣ ಕತ್ತರಿ ಗುರುತು. ನಿಮ್ಮ ಮನ್ಯಾಗ ಬಾವಿ ಇತ್ತಾ, ಎತ್ತು ಇತ್ತಾ, ಅದನ್ನ ಹಾಕ್ರಿ, ಮಂದಿ ಪುಸ್ತಕದಾಗಿನ ನವಿಲು ನಕಲು ಮಾಡೋದಕ್ಕಿಂತ ಅದು ಸಾವಿರ ಪಾಲು ಚಲೋ.

ತೊಳಿಯೋ ಮೊದಲು ಕೆಂಪು ದಾರದ ತುಂಡು ಒದ್ದಿ ಮಾಡಿ ಬಿಳಿ ಬಟ್ಟಿಗೆ ಒತ್ತಿ ನೋಡ್ರಿ, ಬಣ್ಣ ಬಿಡ್ತದ ಒಮ್ಮೊಮ್ಮೆ. ಇಸ್ತ್ರಿ ಮಾಡೋವಾಗ ಮ್ಯಾಲೆ ತೆಳ್ಳಗಿನ ಬಟ್ಟಿ ಹಾಸ್ರಿ.